ನೀರು ಸೋರಿದರೆ ಕೂಗುವ ಅಲಾರಂ ಅಮ್ಮನಿಗೆ ಕೇಳಿಸುತ್ತಿಲ್ಲ, ಏನು ಮಾಡಲಿ?

ಮೂರನೇಮಹಡಿ ಕೇಳಿದ್ದು:

ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ನಾನು ಎರಡು ದಿನ ಊರಲ್ಲಿರಲಿಲ್ಲ. ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು. ಅವರಿಗೆ 76 ವರ್ಷ. ಸಿಂಕ್ ಕೆಳಗಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪ್ ಇರುತ್ತಲ್ಲ, ಅದರ ಪ್ಲಾಸ್ಟಿಕ್ ನಟ್ ಯಾವಾಗಲೋ ರಾತ್ರಿ ಸೀಳಿದೆ. ಬೆಳಗ್ಗೆ ಅಮ್ಮ ಮಂಚದಿಂದ ಕಾಲು ಇಳಿಸಿದರೆ ನೆಲದ ತುಂಬಾ ನೀರು. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಲಿಲ್ಲ. ಪೈಪಿಗೆ ಬಟ್ಟೆ ಸುತ್ತಿ, ಕೆಳಗೆ ಬಕೆಟ್ ಇಟ್ಟು, ತುಂಬಿದ ಹಾಗೆಲ್ಲ ಚೆಲ್ಲುತ್ತಾ ಎರಡು ಗಂಟೆ ಕೂತಿದ್ದರಂತೆ. ನನಗೆ ಫೋನ್ ಕೂಡ ಮಾಡಲಿಲ್ಲ, ಗಾಬರಿಯಾಗ್ತೀನಿ ಅಂತ.

ಕಪಾಟಿನ ತಳದ ಹಲಗೆ ಊದಿಕೊಂಡು ಬಾಗಿಲು ಮುಚ್ಚುತ್ತಿಲ್ಲ. ಕೆಳಗಿನ ಮನೆಯವರ ಸೀಲಿಂಗ್‌ನಲ್ಲಿ ಕಂದು ಕಲೆ ಬಿದ್ದಿದೆ. ಅದೆಲ್ಲ ಸರಿಮಾಡಿಸಬಹುದು. ಆದರೆ ಅಮ್ಮ ಆ ಒದ್ದೆ ನೆಲದಲ್ಲಿ ಜಾರಿ ಬಿದ್ದಿದ್ದರೆ ಅನ್ನುವ ಯೋಚನೆ ಇನ್ನೂ ಬಿಟ್ಟಿಲ್ಲ.

ಬಂದ ತಕ್ಷಣ ಬ್ಯಾಟರಿಯ ಅಲಾರಂ ಒಂದು ತಂದೆ. ಅಂಗೈಯಗಲ ಇದೆ, ತಳದಲ್ಲಿ ಎರಡು ಲೋಹದ ಚುಕ್ಕೆಗಳಿವೆ. ಒದ್ದೆ ಬಟ್ಟೆ ಮೇಲಿಟ್ಟು ನೋಡಿದೆ, ಕಿವಿ ಮುಚ್ಚಿಕೊಳ್ಳುವಷ್ಟು ಜೋರಾಗಿ ಕೂಗಿತು. ಪಕ್ಕದ ರೂಮಿನಲ್ಲಿದ್ದ ಅಮ್ಮನಿಗೆ ಏನೂ ಕೇಳಿಸಲಿಲ್ಲ. ರಾತ್ರಿ ಅವರು ಕಿವಿಯ ಮಷೀನ್ ತೆಗೆದಿಟ್ಟು ಮಲಗುತ್ತಾರೆ.

ಇದಕ್ಕಿಂತ ಜೋರಾಗಿ ಕೂಗುವುದು ಇದೆಯಾ? ಫೋನಿಗೆ ಮೆಸೇಜ್ ಬರುವಂಥದ್ದು ಒಳ್ಳೆಯದಾ? ಎಲ್ಲೆಲ್ಲಿ ಇಡಬೇಕು?

ಪಾನಾ_ಕೈಯಲ್ಲಿ ಬರೆದದ್ದು:

ನಾನು ಪ್ಲಂಬಿಂಗ್ ಕೆಲಸ ಮಾಡುವವನು. ನಿಮ್ಮ ಅಮ್ಮ ಎರಡು ಗಂಟೆ ಬಕೆಟ್ ಹಿಡಿದು ಕೂತಿದ್ದನ್ನು ಓದಿ ಬೇಜಾರಾಯಿತು. ಇಂಥ ಮನೆಗಳಿಗೆ ತುಂಬಾ ಸಲ ಹೋಗಿದ್ದೇನೆ. ನೀರು ನಿಲ್ಲಿಸುವ ವಾಲ್ವ್ ಅಲ್ಲೇ, ಅವರ ಮೊಣಕಾಲಿನ ಪಕ್ಕದಲ್ಲೇ ಇರುತ್ತದೆ. ಯಾರೂ ತೋರಿಸಿಕೊಟ್ಟಿರುವುದಿಲ್ಲ, ಅಷ್ಟೇ.

ಅಲಾರಂ ವಿಷಯ ಆಮೇಲೆ. ಮೊದಲು ಸಿಂಕ್ ಕೆಳಗೆ ಗೋಡೆಯಿಂದ ಹೊರಬಂದಿರುವ ಚಿಕ್ಕ ವಾಲ್ವ್ ನೋಡಿ. ಅಮ್ಮನ ಕೈಯಲ್ಲೇ ತಿರುಗಿಸಿ ನೋಡಿಸಿ. ವರ್ಷಗಟ್ಟಲೆ ಮುಟ್ಟದಿದ್ದರೆ ಅದು ಬಿಗಿದುಕೊಂಡಿರುತ್ತದೆ. ಪಾನಾ ಹಾಕಿ ಬಲವಾಗಿ ತಿರುಗಿಸಲು ಹೋಗಬೇಡಿ, ಮುರಿದರೆ ಇನ್ನೂ ಕಷ್ಟ. ಮೇನ್ ವಾಲ್ವ್ ಮುಚ್ಚಿ, ಅದನ್ನು ಬದಲಾಯಿಸಿ. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಮುಚ್ಚುವ ಬಾಲ್ ವಾಲ್ವ್ ಹಾಕಿಸಿ. ವಯಸ್ಸಾದವರ ಕೈಗೆ ಅದು ಸುಲಭ. ಪೈಪಿಗೆ ಅಡ್ಡ ನಿಂತಿದ್ದರೆ ಮುಚ್ಚಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಪ್ಲಾಸ್ಟಿಕ್ ನಟ್ ಸೀಳುವುದು ಹೆಚ್ಚಾಗಿ ಅತಿಯಾಗಿ ಬಿಗಿ ಮಾಡಿದ್ದಕ್ಕೆ. ಸೋರಬಾರದು ಅಂತ ಇನ್ನೂ ಒಂದು ಸುತ್ತು, ಇನ್ನೂ ಒಂದು ಸುತ್ತು ಅಂತ ಹಾಕುತ್ತಾರೆ. ಒಳಗೆ ರಬ್ಬರ್ ವಾಷರ್ ಇದೆ, ನೀರು ತಡೆಯುವುದು ಅದು. ವಾಷಿಂಗ್ ಮಷೀನ್ ಪೈಪನ್ನೂ ನೋಡಿಬಿಡಿ. ಉಬ್ಬು, ಬಿರುಕು, ತುದಿಯಲ್ಲಿ ತುಕ್ಕು ಕಂಡರೆ ಅವತ್ತೇ ಬದಲಿಸಿ. ಏನೂ ಕಾಣದಿದ್ದರೂ 5 ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಇನ್ನು ಜಾಗ. ಅಲಾರಂ ತಾನು ಕೂತ ಜಾಗ ಒದ್ದೆಯಾದರೆ ಮಾತ್ರ ಕೂಗುತ್ತದೆ. ಒಂದು ಅಡಿ ಆಚೆ ನೀರು ಹರಿದು ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಕಪಾಟಿನೊಳಗೆ ಅರ್ಧ ಲೋಟ ನೀರು ಸುರಿದು ಎಲ್ಲಿಗೆ ಹೋಗುತ್ತದೆ ನೋಡಿ. ಅಲ್ಲಿಡಿ.

ಬೆಸುಗೆಹೊಗೆ ಬರೆದದ್ದು:

ಮೂರನೇಮಹಡಿ ಅವರೇ, ಇನ್ನೂ ಜೋರಾಗಿ ಕೂಗುವುದನ್ನು ಹುಡುಕಬೇಡಿ. ತೊಂದರೆ ಜೋರಿನದ್ದಲ್ಲ, ದನಿಯದ್ದು. ಈ ಪುಟ್ಟ ಬಜರ್‌ಗಳ ದನಿ ತುಂಬಾ ಕೀರಲು, ಸುಮಾರು 3,000 ಹರ್ಟ್ಸ್ ಆಸುಪಾಸು. ವಯಸ್ಸಾದಂತೆ ಮೊದಲು ಕೇಳಿಸದೇ ಹೋಗುವುದು ಈ ಕೀರಲು ದನಿಗಳೇ. ಅದಕ್ಕೇ ಕಿವಿ ಮಂದವಿರುವವರಿಗಾಗಿ ಮಾಡುವ ಹೊಗೆ ಅಲಾರಂಗಳಲ್ಲಿ 520 ಹರ್ಟ್ಸ್‌ನ ತಗ್ಗು ದನಿ ಇಡುತ್ತಾರೆ. ನಮ್ಮಪ್ಪನಿಗೂ ಹೀಗೇ ಆಗಿತ್ತು. ಕುಕ್ಕರ್ ವಿಷಲ್ ಕೇಳಿಸುತ್ತಿರಲಿಲ್ಲ, ಆದರೆ ಬಾಗಿಲು ದಬದಬ ಬಡಿದರೆ ಎದ್ದು ಬರುತ್ತಿದ್ದರು.

ಹಾಗಾಗಿ ಕಿವಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಿರಿ. ದಿಂಬಿನ ಕೆಳಗಿಡುವ, ನಡುಗುವ ಬಿಲ್ಲೆ ಸಿಗುತ್ತದೆ. ಕಿವಿ ಕೇಳಿಸದವರ ಗಡಿಯಾರಗಳ ಜೊತೆ ಬರುತ್ತದಲ್ಲ, ಅದು. ಜಿಗ್‌ಬೀ ಅನ್ನುವ ವೈರ್‌ಲೆಸ್ ಬಗೆಯ ನೀರಿನ ಸೆನ್ಸರ್ ಮತ್ತು ಅದರ ಹಬ್ (ಸೆನ್ಸರ್, ಪ್ಲಗ್‌ಗಳನ್ನು ಒಂದಕ್ಕೊಂದು ಜೋಡಿಸುವ ಪುಟ್ಟ ಪೆಟ್ಟಿಗೆ) ತಂದರೆ, ಒದ್ದೆಯಾದ ಕೂಡಲೇ ಹಬ್ ಹೇಳಿದಾಗ ತಾನೇ ಆನ್ ಆಗುವ ಸ್ಮಾರ್ಟ್ ಪ್ಲಗ್ ಮೂಲಕ ಮಂಚದ ಪಕ್ಕದ ದೀಪ ಹತ್ತಿಸಬಹುದು, ಬಿಲ್ಲೆಯನ್ನೂ ನಡುಗಿಸಬಹುದು. ಮನೆಯೊಳಗೇ ಲೆಕ್ಕ ಹಾಕುವ ಹಬ್ ಆರಿಸಿ. ಆಗ ಇಂಟರ್‌ನೆಟ್ ಹೋದರೂ ಇದು ನಡೆಯುತ್ತದೆ. ಮೆಸೇಜ್ ನಿಮ್ಮ ಫೋನಿಗೂ ಬರಲಿ, ಆದರೆ ಅದೊಂದನ್ನೇ ನಂಬಬೇಡಿ. ಬೇರೆ ಊರಲ್ಲಿ ಮಲಗಿರುವ ನಿಮಗೆ ಮೆಸೇಜ್ ಬಂದು ಏನು ಪ್ರಯೋಜನ, ಅಲ್ವಾ? ಕೆಳಗಿನ ಮನೆಯವರು ಒಪ್ಪಿದರೆ ಅವರ ಫೋನನ್ನೂ ಸೇರಿಸಿ.

ಕರೆಂಟ್ ಹೋದರೆ ದೀಪ, ಬಿಲ್ಲೆ, ಹಬ್ ಎಲ್ಲವೂ ಹೋಗುತ್ತವೆ. ಹಬ್‌ಗೂ ಬಿಲ್ಲೆಯ ಪ್ಲಗ್‌ಗೂ ಚಿಕ್ಕ ಬ್ಯಾಟರಿ ಬ್ಯಾಕಪ್ ಕೊಡಿ. ಈಗಿರುವ ಅಲಾರಂ ಕೂಡ ಇರಲಿ, ಪಕ್ಕದವರಿಗಾದರೂ ಕೇಳಿಸುತ್ತದೆ.

ತಳದ ಚುಕ್ಕೆಗಳ ವಿಷಯ. ಎರಡರ ನಡುವೆ ನೀರು ಬಂದಾಗ ತೀರಾ ಸಣ್ಣ ಕರೆಂಟ್ ಹರಿಯುತ್ತದೆ, ಅದೇ ಬಜರ್ ಅನ್ನು ಎಬ್ಬಿಸುವುದು. ನಲ್ಲಿ ನೀರಿನಲ್ಲಿ ಲವಣ ಇರುವುದರಿಂದ ಇದು ಸಾಧ್ಯ. ಚುಕ್ಕೆಗಳ ಮೇಲೆ ಎಣ್ಣೆ ಜಿಡ್ಡು ಕೂತರೆ ನೀರು ಬಂದರೂ ಸುಮ್ನೆ ಇರುತ್ತದೆ. ಅಡುಗೆಮನೆಯಲ್ಲಿ ಜಿಡ್ಡು ಬೇಗ ಕೂರುತ್ತದೆ. ತಿಂಗಳಿಗೊಮ್ಮೆ ಒರೆಸಿ, ಒದ್ದೆ ಬೆರಳಿಟ್ಟು ಪರೀಕ್ಷೆ ಮಾಡಿ.

ಒಣನೆಲ ಬರೆದದ್ದು:

ಒಂದೇ ಮಾತು. ನೆಲದಲ್ಲಿ ಮತ್ತೆ ನೀರು ಕಂಡರೆ ಕಾಲಿಡುವ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು ಅಂತ ಅಮ್ಮನಿಗೆ ಹೇಳಿಡಿ. ಸ್ವಿಚ್ ಇರುವ ಜಾಗವೇ ಒದ್ದೆಯಾಗಿದ್ದರೆ ಅಲ್ಲಿಗೆ ಹೋಗುವುದೇ ಬೇಡ. ಒದ್ದೆ ಹಲಗೆಯನ್ನು 1-2 ದಿನದೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ನಿಮ್ಮದು ತಿಂಗಳಾಗಿದೆ, ಕಪಾಟಿನ ಹಿಂಬದಿ ಬಿಚ್ಚಿ ನೋಡಿ.

ಮೂರನೇಮಹಡಿ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಾರದ ನಂತರ ಬರೆಯುತ್ತಿದ್ದೇನೆ.

ಅರ್ಧ ಲೋಟ ನೀರು ಸುರಿದೆ. ಮುಂದಕ್ಕೆ ಬರುತ್ತದೆ ಅಂದುಕೊಂಡಿದ್ದೆ. ಅದು ಹಿಂದಿನ ಎಡ ಮೂಲೆಗೆ ಹೋಗಿ, ಪೈಪ್ ಇಳಿಯುವ ತೂತಿನಲ್ಲಿ ಮಾಯವಾಯಿತು. ನನ್ನ ಅಲಾರಂ ಮುಂದೆ ಬಲಗಡೆ ಇತ್ತು. ಪೈಪ್ ಮತ್ತೆ ಒಡೆದಿದ್ದರೆ ಕೆಳಗಿನ ಮನೆಯವರಿಗೆ ಮೊದಲು ಗೊತ್ತಾಗುತ್ತಿತ್ತು. ಆ ಮೂಲೆಗೆ ಅಲಾರಂ ಹಿಡಿಸುವುದಿಲ್ಲ, ಹಾಗಾಗಿ ಉದ್ದಕ್ಕೂ ನೀರು ಗುರುತಿಸುವ ಹಗ್ಗದಂಥ ಸೆನ್ಸರ್ ತಂದು ತೂತಿನ ಸುತ್ತ ಹಾಸಿದೆ.

ವಾಲ್ವ್ ಪಾನಾ ಅವರು ಹೇಳಿದ ಹಾಗೇ ಬಿಗಿದಿತ್ತು. ಬದಲಾಯಿಸಿದ್ದಾಯಿತು. ಹಿಡಿಗೆ ಅಮ್ಮನೇ ಕೆಂಪು ದಾರ ಕಟ್ಟಿದ್ದಾರೆ. ಕಪಾಟಿನ ಹಿಂಬದಿಯಲ್ಲಿ ಬೂಷ್ಟು ನಿಜವಾಗಿಯೂ ಇತ್ತು, ಆ ಹಲಗೆ ತೆಗೆಸಿದೆ.

ಮೊನ್ನೆ ರಾತ್ರಿ ಅಮ್ಮನಿಗೆ ಹೇಳದೆ ಹಗ್ಗದ ಮೇಲೆ ಒಂದು ಚಮಚ ನೀರು ಹಾಕಿದೆ. ದೀಪ ಹತ್ತಿತು, ಬಿಲ್ಲೆ ನಡುಗಿತು. ಅಮ್ಮ ಎದ್ದರು, ಮೊದಲು ನೆಲ ನೋಡಿದರು. ಗೋಡೆ ಹಿಡಿದುಕೊಂಡು ಬಂದು, ಬಗ್ಗಿ, ಕೆಂಪು ದಾರ ಹುಡುಕಿ ವಾಲ್ವ್ ಮುಚ್ಚಿದರು. ಆಮೇಲೆ ನಾನು ಬಾಗಿಲಲ್ಲಿ ನಿಂತಿರುವುದನ್ನು ನೋಡಿ, "ಬಚ್ಚಲಿಗೂ ಒಂದು ಹಾಕಿಬಿಡು" ಅಂದರು.