ಬಾಗಿಲ ಹಿಂದಿರುವ ಸ್ವಿಚ್ಚನ್ನು ಸ್ಟಡ್ ಗೋಡೆಯಲ್ಲಿ ಪಕ್ಕಕ್ಕೆ ಸರಿಸುವ ಬಗ್ಗೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿರುವ ನಮ್ಮ ಮನೆ 1972ರಲ್ಲಿ ಕಟ್ಟಿದ್ದು. ಮಹಡಿಯ ಕೋಣೆಯ ಬಾಗಿಲು ತೆರೆದರೆ ದೀಪದ ಸ್ವಿಚ್ಚು ಅದರ ಹಿಂದೆ ಮರೆಯಾಗುತ್ತದೆ. ಊರಿನಿಂದ ಬರಲಿರುವ ನಮ್ಮ ತಾಯಿಯವರು ಕತ್ತಲಲ್ಲಿ ತಡಕಾಡುವಂತಾಗಬಾರದೆಂದು, ಅದೇ ಸ್ಟಡ್ ಗೋಡೆಯಲ್ಲಿ (ಸ್ಟಡ್ ಎಂದರೆ ಗೋಡೆಯೊಳಗಿನ ಮರದ ನಿಲುಗಂಬ) ಸುಮಾರು 3 ಅಡಿ ಆಚೆಗೆ ಅದನ್ನು ಸರಿಸಬೇಕೆಂದಿದ್ದೇನೆ. ಹಳೆಯ ಕೇಬಲ್ ಅಲ್ಲಿಯವರೆಗೆ ಸಾಲುವುದಿಲ್ಲ. ಹಳೆಯ ಬಾಕ್ಸಿನಲ್ಲಿಯೇ ಜಾಯಿಂಟ್ ಮಾಡಿ, ಮೇಲೆ ಡ್ರೈವಾಲ್ (ಸ್ಟಡ್‌ಗಳಿಗೆ ಬಡಿಯುವ ಜಿಪ್ಸಮ್ ಹಲಗೆ) ಮುಚ್ಚಿ ಬಣ್ಣ ಬಳಿಯಬಹುದೇ?

ಉತ್ತರ 1

ದಯವಿಟ್ಟು ಹಾಗೆ ಮುಚ್ಚಬೇಡಿ. ಗೋಡೆಯನ್ನು ಒಡೆಯದೆ ಕೈಗೆ ಸಿಗುವಂತಿರುವ ಬಾಕ್ಸಿನಲ್ಲಿ ಮಾತ್ರ ಜಾಯಿಂಟ್ ಇರಬೇಕೆಂದು ಅಮೆರಿಕದ ವಿದ್ಯುತ್ ಕೋಡ್ (ನಿಯಮಾವಳಿ) ಹೇಳುತ್ತದೆ. ಜಾಯಿಂಟ್ ಸಡಿಲವಾದರೆ ಕಾವೇರುತ್ತದೆ, ಆದರೆ ಗೋಡೆಯೊಳಗೆ ಹೂತುಹೋದದ್ದನ್ನು ಮುಂದೆ ಈ ಮನೆಗೆ ಬರುವವರು ಹುಡುಕುವುದಾದರೂ ಹೇಗೆ? ಹಳೆಯ ಬಾಕ್ಸಿನ ಮೇಲೆ ಖಾಲಿ ಮುಚ್ಚಳ ಹಾಕಿ ಹಾಗೆಯೇ ಉಳಿಸುವುದು ಸರಳವಾದ ದಾರಿ. ಆ ಮುಚ್ಚಳ ಕಾಣುವುದು ಬೇಡವೆಂದಾದರೆ ಅಟ್ಟ ಹತ್ತಿ ನೋಡಿ. ಕೇಬಲ್ ಮೇಲಿನಿಂದಲೇ ಇಳಿದಿದ್ದರೆ, ದೀಪದ ಬಾಕ್ಸಿನಿಂದಲೋ ಅಟ್ಟದಲ್ಲಿಯೇ ಇಡುವ ಜಂಕ್ಷನ್ ಬಾಕ್ಸಿನಿಂದಲೋ ಹೊಸ ಕೇಬಲ್ಲನ್ನು ಹೊಸ ಜಾಗಕ್ಕೆ ಇಳಿಸಬಹುದು. ಆಗ ಸ್ಟಡ್‌ಗಳನ್ನು ಕೊರೆಯುವ ಪ್ರಮೇಯವೇ ಇರುವುದಿಲ್ಲ. ಹಳೆಯ ಕೇಬಲ್ಲನ್ನು ಮಾತ್ರ ಜಗ್ಗಬೇಡಿ, ಅದನ್ನು ಒಳಗೆ ಸ್ಟಡ್‌ಗೆ ಸ್ಟೇಪಲ್ ಹೊಡೆದು ಕಟ್ಟಿರುತ್ತಾರೆ.

ಉತ್ತರ 2

ಅಟ್ಟದ ದಾರಿ ಸಿಗದಿದ್ದರೆ ಸ್ಟಡ್ ಕೊರೆಯಲೇಬೇಕಾಗುತ್ತದೆ. ಸ್ಟಡ್‌ಗಳು ಸಾಮಾನ್ಯವಾಗಿ ಮಧ್ಯದಿಂದ ಮಧ್ಯಕ್ಕೆ 16 ಇಂಚು ದೂರದಲ್ಲಿರುವುದರಿಂದ 3 ಅಡಿಯಲ್ಲಿ ಎರಡು ಅಥವಾ ಮೂರು ಅಡ್ಡ ಬರುತ್ತವೆ. ಡ್ರೈವಾಲನ್ನು ಅಡ್ಡಪಟ್ಟಿಯಾಗಿ ಕತ್ತರಿಸಿ ತೆಗೆದು, ಆ ತುಂಡನ್ನು ಮತ್ತೆ ಕೂರಿಸಲು ಜೋಪಾನವಾಗಿಡಿ. ಟೂ-ಬೈ-ಫೋರ್ (2×4 ಇಂಚು) ಎಂದು ಕರೆಯುವ ಸ್ಟಡ್ ನಿಜವಾಗಿ 3½ ಇಂಚು ಅಗಲವಿರುತ್ತದೆ. ಅದರ ನಟ್ಟನಡುವೆ ¾ ಇಂಚಿನ ತೂತು ಕೊರೆದರೆ ಎರಡೂ ಅಂಚಿಗೆ 1⅜ ಇಂಚು ಉಳಿಯುತ್ತದೆ. ಕೋಡ್ ಕೇಳುವುದು 1¼ ಇಂಚು. ಡ್ರಿಲ್ ಓರೆಯಾಗಿ ತೂತು ಅಂಚಿಗೆ ಸರಿದರೆ, ಮುಂದೆ ಯಾರಾದರೂ ಚಿತ್ರಪಟ ತೂಗುಹಾಕಲು ಹೊಡೆಯುವ ಮೊಳೆ ಕೇಬಲ್ಲಿಗೆ ತಾಗದಂತೆ ಸ್ಟಡ್‌ನ ಮುಖಕ್ಕೆ ಉಕ್ಕಿನ ರಕ್ಷಣಾ ಪಟ್ಟಿಯನ್ನು ಬಡಿಯಲೇಬೇಕು. ಬ್ರೇಕರ್ 15 ಆಂಪಿಯರ್‌ನದಾದರೆ 14 ಗೇಜಿನ ತಾಮ್ರದ ಕೇಬಲ್ ಸಾಕು, 20ರದಾದರೆ ಅದಕ್ಕಿಂತ ದಪ್ಪನೆಯ 12 ಗೇಜ್ ಬೇಕು.

ಉತ್ತರ 3

ಮೇಲಿನ ಇಬ್ಬರ ಮಾತೂ ಸರಿ, ಆದರೆ 1972ರ ಮನೆ ಎಂದಿರುವುದರಿಂದ ಮೊದಲು ಬ್ರೇಕರ್ ಆರಿಸಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಹಳೆಯ ಬಾಕ್ಸನ್ನು ಬಿಚ್ಚಿ ತಂತಿಯ ಬಣ್ಣವನ್ನು ನೋಡಿ. 1965ರಿಂದ 1973ರ ನಡುವಿನ ಅನೇಕ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿ ಬಳಸಿದ್ದಾರೆ. ತಂತಿ ಬೆಳ್ಳಿಯಂತೆ ಬೆಳ್ಳಗೆ ಕಂಡರೆ ಅದಕ್ಕೆ ತಾಮ್ರವನ್ನು ಸಾಮಾನ್ಯ ವೈರ್‌ನಟ್ಟಿನಿಂದ (ತಂತಿಗಳ ತುದಿಗಳನ್ನು ತಿರುಚಿ ಕೂಡಿಸುವ ಟೋಪಿ) ಜೋಡಿಸದೆ ಅಲ್ಲಿಯೇ ನಿಲ್ಲಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಬಿಳಿಯ ಹೊದಿಕೆಯ ತಂತಿಯನ್ನು ನ್ಯೂಟ್ರಲ್ ಎಂದು ನಂಬಬೇಡಿ. ದೀಪದಿಂದ ಸ್ವಿಚ್ಚಿಗೆ ಎರಡೇ ತಂತಿ ಇಳಿದಿದ್ದರೆ ಬಿಳಿಯದರಲ್ಲಿಯೂ ವಿದ್ಯುತ್ ಇರುತ್ತದೆ. ಆ ಕಾಲದ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯೂ ಇದೆ, ಆದ್ದರಿಂದ ಗೋಡೆ ಕತ್ತರಿಸುವ ಮುನ್ನ ಪರೀಕ್ಷಿಸಿ. ಪುರಸಭೆಯಲ್ಲಿ ಪರವಾನಗಿಯ ಬಗ್ಗೆ ವಿಚಾರಿಸಿ. ಇನ್‌ಸ್ಪೆಕ್ಟರ್ ನೋಡುವವರೆಗೆ ಡ್ರೈವಾಲ್ ಮುಚ್ಚಬೇಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಬ್ರೇಕರ್ ಆರಿಸಿ ಬಾಕ್ಸ್ ಬಿಚ್ಚಿ ನೋಡಿದೆ: ತಂತಿ ತಾಮ್ರದ್ದು, ಕೇಬಲ್ ಅಟ್ಟದಿಂದಲೇ ಇಳಿದಿದೆ, ಆದರೆ ಇರುವುದು ಎರಡೇ ತಂತಿ. ಹೊಸದಾಗಿ ಎಳೆಯುವಾಗ ಅದೇ ರೀತಿಯದು ಸಾಕೇ?

ಉತ್ತರ 1

ಸಾಲದು. 2011ರಿಂದ ಸ್ವಿಚ್ಚಿನ ಬಾಕ್ಸಿನಲ್ಲಿ ನ್ಯೂಟ್ರಲ್ ಕೂಡ ಇರಬೇಕೆಂದು ಕೋಡ್ ಹೇಳುತ್ತಿದೆ, ಆದ್ದರಿಂದ ಅರ್ತ್ ಬಿಟ್ಟು ಮೂರು ತಂತಿಗಳಿರುವ ಕೇಬಲ್ಲನ್ನೇ ತನ್ನಿ.