ಒಂದೇ ಪದ ಬೇಕು, ಶುಕ್ರವಾರದೊಳಗೆ: ಬರೆ? ಬಿಡಿಸು? ಚಿತ್ರಿಸು?

ಪ್ರಶ್ನೆ (ಬೆಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಮೂರು ದಿನ ಆಯಿತು. ಶುಕ್ರವಾರ ಸಂಜೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು. ಭಾನುವಾರ ನಮ್ಮ ಓದುವ ಬಳಗದಲ್ಲಿ ಮಾಂಗಾಗಳ ಬಗ್ಗೆ, ಅಂದರೆ ಜಪಾನಿನ ಚಿತ್ರಕಥೆಗಳ ಬಗ್ಗೆ, ಮಾತುಕತೆ ಇದೆ. ಹೊಡೆದಾಟದ ಕಥೆಗಳಲ್ಲ. ಚಿತ್ರದ ಹುಚ್ಚು ಹಿಡಿದು, ಮನೆಯವರ ಕೈಲಿ ಬೈಸಿಕೊಂಡು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಆದರೂ ಬಿಡದ ಹುಡುಗ ಹುಡುಗಿಯರ ಕಥೆಗಳು.

ಅದರಲ್ಲಿ ಒಂದು ಅಕಿಕೊ ಹಿಗಾಶಿಮುರಾ ಅವರು ತಮ್ಮದೇ ಬದುಕಿನ ಬಗ್ಗೆ ಮಾಡಿದ್ದು. 2011ರಿಂದ 2015ರವರೆಗೆ ಬಂತು, ಐದು ಸಂಪುಟ, 2015ರಲ್ಲಿ ಮಾಂಗಾ ತೈಶೋ ಪ್ರಶಸ್ತಿಯೂ ಸಿಕ್ಕಿತು. ಮಿಯಾಝಾಕಿ ಅನ್ನೋ ಊರು. ಹೈಸ್ಕೂಲಿನ ಕೊನೆ ವರ್ಷದ ಹುಡುಗಿ, ತನ್ನಷ್ಟು ಚೆನ್ನಾಗಿ ಚಿತ್ರ ಮಾಡೋರು ಯಾರೂ ಇಲ್ಲ ಅಂತ ನಂಬಿಕೊಂಡಿರುವವಳು. ಗೆಳತಿ ಅವಳನ್ನು ಒಬ್ಬ ಮೇಷ್ಟ್ರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಮೇಷ್ಟ್ರ ಕೈಯಲ್ಲಿ ಕತ್ತಿವರಸೆ ಕಲಿಯೋರು ಹಿಡಿಯುವ ಬಿದಿರಿನ ಕತ್ತಿ. ಅವಳ ಚಿತ್ರ ನೋಡಿ ಚೆನ್ನಾಗಿ ಉಗಿಯುತ್ತಾರೆ. ಆಕೆ ಹೊಟ್ಟೆನೋವು ಅಂತ ಸುಳ್ಳು ಹೇಳಿ ಎದ್ದರೆ, ಅದನ್ನು ನಿಜ ಅಂತ ನಂಬಿ, ಬೆನ್ನ ಮೇಲೆ ಹೊತ್ತುಕೊಂಡು ಬಸ್ ಸ್ಟಾಪಿನವರೆಗೆ ಬಿಟ್ಟು ಬರುತ್ತಾರೆ! ಆ ಮೇಷ್ಟ್ರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: "ಕಕೆ!"

ಈ ಒಂದು ಮಾತು ಕನ್ನಡದಲ್ಲಿ ಬೇಕು. ಫ್ಲೆಕ್ಸಿನ ನಡುವೆ ದೊಡ್ಡದಾಗಿ, ಮಾತಿನ ಗುಳ್ಳೆಯೊಳಗೆ. ಕಕೆ ಅನ್ನೋದು ಕಕು ಅನ್ನೋ ಕ್ರಿಯಾಪದದ ಆಜ್ಞೆಯ ರೂಪ. ಕಕು ಅಂದರೆ ಜಪಾನಿಯಲ್ಲಿ ಅಕ್ಷರ ಬರೆಯೋದು, ಚಿತ್ರ ಬರೆಯೋದು ಎರಡೂ. ಬಾಯಲ್ಲಿ ಒಂದೇ, ಕಾಗದದ ಮೇಲೆ ಕಾಂಜಿ (ಚೀನೀ ಮೂಲದ ಅಕ್ಷರ) ಬೇರೆ ಬೇರೆ. ಹಾಗಾಗಿ ಅಲ್ಲಿನ ಓದುಗರಿಗೆ ಗುಳ್ಳೆ ನೋಡಿದ ತಕ್ಷಣ ಇದು ಚಿತ್ರದ ಮಾತು ಅಂತ ಗೊತ್ತಾಗುತ್ತದೆ.

ನಾನು "ಬಿಡಿಸು!" ಅಂತ ಹಾಕಿದ್ದೆ. ನನ್ನ ತಂಗಿ ನೋಡಿ, "ಯಾರನ್ನ ಬಿಡಿಸಬೇಕು? ಆ ಮುದುಕನಿಂದ ಆ ಹುಡುಗಿಯನ್ನಾ?" ಅಂದಳು. ಅಲ್ಲಿಗೆ ಅದು ಹೋಯಿತು. "ಚಿತ್ರಿಸು!" ಅಂದರೆ ಯಾವ ಮೇಷ್ಟ್ರೂ ಹಾಗೆ ಕಿರುಚುವುದಿಲ್ಲ. "ಬರೆ!" ಅಂದರೆ ಕಾಪಿ ಬರೆಯೋಕೆ ಹೇಳಿದ ಹಾಗಿದೆ. ದಯವಿಟ್ಟು ಸಹಾಯ ಮಾಡಿ. ಒಂದೇ ಪದ, ಎರಡು ಅಕ್ಷರವಾದರೆ ಇನ್ನೂ ಒಳ್ಳೆಯದು.

ಉತ್ತರ (ಮೈಸೂರು, ನಿವೃತ್ತ ಮೇಷ್ಟ್ರು)

ಬರೆ. ಇದರಲ್ಲಿ ಚರ್ಚೆಗೆ ಏನಿದೆ?

"ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ." ಹತ್ತನೇ ತರಗತಿ ಪಾಸಾದ ಎಲ್ಲರೂ ಈ ಪ್ರಶ್ನೆ ನೋಡಿರುತ್ತಾರೆ. ಹೃದಯದ ಚಿತ್ರ ಬರೆದಿದ್ದೀರಿ, ಹೂವಿನ ಉದ್ದಸೀಳಿಕೆ ಬರೆದಿದ್ದೀರಿ. ಆಗ ಯಾರೂ ಅದನ್ನು ಕಾಪಿ ಅಂದುಕೊಳ್ಳಲಿಲ್ಲ. ಬಿಡಿಸು ಅನ್ನುವುದು ಕಡಲೆಕಾಯಿಗೆ, ಲೆಕ್ಕಕ್ಕೆ, ಮಲ್ಲಿಗೆ ಮೊಗ್ಗಿಗೆ.

ಉತ್ತರ (ಧಾರವಾಡ)

ನಮ್ಮ ಕಡೆ ಚಿತ್ರ ತೆಗೀತಾರ ನೋಡ್ರಿ. "ಛಲೋ ಚಿತ್ರ ತಗದಾನ" ಅಂದರೆ ಕೈಲೆ ಮಾಡಿದ್ದು ಅಂತ ತಿಳಿಯುತ್ತದೆ. ಈಗ ಎಲ್ಲರ ಕೈಯಾಗ ಫೋನ್ ಬಂದು ತೆಗಿ ಅಂದರೆ ಫೋಟೊ ಅಂತ ಆಗೇದ, ಅದು ಬ್ಯಾರೆ ಮಾತು. ಮೈಸೂರು ಪ್ರಶ್ನೆಪತ್ರಿಕೆಯೇ ಕನ್ನಡ ಅಂತ ತಿಳಿಯೋದು ಬಿಡ್ರಿ ಸರ್.

ಉತ್ತರ (ಮೈಸೂರು)

ಪ್ರಶ್ನೆಪತ್ರಿಕೆ ಇಡೀ ರಾಜ್ಯಕ್ಕೆ ಒಂದೇ. ಧಾರವಾಡಕ್ಕೆ ಬೇರೆ ಇಲ್ಲ.

ಉತ್ತರ (ಸಾಗರ)

ನಮ್ಮ ಕಡೆ ದೀವರ ಮನೆಗಳಲ್ಲಿ ಮದುವೆಗೆ ಹಸೆ ಗೋಡೆಗೆ ಚಿತ್ತಾರ ಹಾಕುತ್ತಾರಲ್ಲ, ಅದನ್ನು ಬರೆಯೋದು ಅಂತಲೇ ಅನ್ನೋದು. ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣು ಬಳಿದ ಗೋಡೆ. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ "ನಾನು ನೂರಾರು ಹಸೆ ಬರ್ದಿದೀನಿ" ಅನ್ನುತ್ತಿದ್ದರು. ಅಜ್ಜಿಯ ಮಟ್ಟಿಗೆ ಬರೆಯೋದು ಅಂದರೆ ಅದೇ. ನಾವು ಶಾಲೆಗೆ ಹೋಗಿ ಬರೆಯೋದು ಅಂದರೆ ಅಕ್ಷರ ಅಂತ ಕಲಿತುಕೊಂಡೆವು, ಅಷ್ಟೇ. ನೀವು ಧೈರ್ಯವಾಗಿ "ಬರೆ" ಹಾಕಿ.

ಉತ್ತರ (ಅಚ್ಚಗನ್ನಡ ಬಳಗ)

ಸಾಗರದವರು ಸರಿಯಾದ ಕಡೆ ಕಯ್ ಇಟ್ಟಿದ್ದಾರೆ. ತಮಿಳಿನಲ್ಲಿ ವರೈ, ಮಲೆಯಾಳದಲ್ಲಿ ವರ. ಎರಡರಲ್ಲೂ ಗೆರೆ ಎಳೆಯುವುದು, ತಿಟ್ಟ (ನೀವು ಚಿತ್ರ ಅನ್ನುವುದು) ಬರೆಯುವುದು. ಅಕ್ಕರಕ್ಕೆ ಅವರು ಎೞುತು ಅನ್ನುತ್ತಾರೆ. ಅಂದರೆ ಮೂಲದಲ್ಲಿ ಬರೆ ಎಂಬುದು ತಿಟ್ಟದ ಪದ, ಅಕ್ಕರದ ಪದವಲ್ಲ. ಕನ್ನಡಿಗರು ಅದನ್ನೇ ಅಕ್ಕರಕ್ಕೂ ಹಿಗ್ಗಿಸಿಕೊಂಡರು.

ಆದರೆ ಕೇಳಿದವರ ಓಲೆಯಲ್ಲಿ "ಚಿತ್ರ" ಎಂಬ ಪದ ಎಶ್ಟು ಸಲ ಬಂದಿದೆ, ಎಣಿಸಿದ್ದೀರಾ? ನಮ್ಮಲ್ಲಿ ತಿಟ್ಟ ಇದೆ. ಮಾಂಗಾಕ್ಕೆ ತಿಟ್ಟಕತೆ ಎನ್ನಬಹುದು. ಸಕ್ಕದದ (ಸಂಸ್ಕೃತದ) ಸಾಲ ಏಕೆ ಬೇಕು?

ಉತ್ತರ (ಕುಂದಾಪುರ)

ತಿಟ್ಟು ಅಂದ್ರೆ ನಮ್ಗೆ ಯಕ್ಷಗಾನದ ಬಡಗು, ತೆಂಕು. ತಿಟ್ಟಕತೆ ಅಂತ ಫ್ಲೆಕ್ಸ್ ಹಾಕಿದರೆ ನಮ್ಮೂರಿನವರು ಚಂಡೆ ಎಲ್ಲಿ ಅಂತ ಕೇಳ್ತಾರೆ ಮಾರಾಯ್ರೆ.

ಮತ್ತೆ "ಕತೆ" ಎಲ್ಲಿಂದ ಬಂತು? ಥ ತೆಗೆದು ತ ಹಾಕಿದ ಕೂಡಲೆ ಸಾಲ ತೀರಿತಾ? "ಓಲೆ", "ಸಕ್ಕದ" ಅಂತ ಬರೆದು ಅದೇ ಉತ್ತರದಲ್ಲಿ "ಮೂಲದಲ್ಲಿ" ಅಂದಿದ್ದೀರಿ. ಮೂಲ ಯಾರದ್ದು?

ಉತ್ತರ (ಅಚ್ಚಗನ್ನಡ ಬಳಗ)

ಅಚ್ಚಗನ್ನಡದಲ್ಲೇ ಬರೆಯಲು ಹೊರಟ ಹಳೆಯ ಕಬ್ಬಿಗ ಆಂಡಯ್ಯ ಕಬ್ಬಿಗರ ಕಾವ ಬರೆದಾಗಲೂ ತದ್ಬವ ಬಿಟ್ಟಿರಲಿಲ್ಲ. ನಾಲಿಗೆಗೆ ಒಗ್ಗಿದ್ದು ಕನ್ನಡವೇ. ಗೊತ್ತಿಲ್ಲದಿದ್ದರೆ ಸುಮ್ಮನಿರಬಹುದು.

ಉತ್ತರ (ಕುಂದಾಪುರ)

ಚಿತ್ರ ನನ್ನ ನಾಲಿಗೆಗೆ ಒಗ್ಗಿದೆ. ಮುಗೀತಲ್ಲ?

ಉತ್ತರ (ಒಸಾಕಾದಲ್ಲಿರುವ ಹಾಸನದವ)

ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ. ಸಾಮಾನ್ಯವಾಗಿ ಸುಮ್ನೆ ಓದಿಕೊಂಡಿರುತ್ತೇನೆ, ಇವತ್ತು ತಡೆಯಲಿಲ್ಲ.

ಮೊದಲು ಮಾಂಗಾ. ಜಪಾನಿಯಲ್ಲಿ ಇದರ ಎರಡು ಅಕಾರವೂ ಹ್ರಸ್ವ. ಇಂಗ್ಲಿಷಿನವರು ಎಳೆದರು ಅಂತ ನಾವೂ ಎಳೆದು ಮಾಂಗಾ ಅನ್ನುತ್ತಿದ್ದೇವೆ. ನ್ಯಾಯವಾಗಿ ಬರೆದರೆ ಅದು "ಮಂಗ". ನಗಬೇಡಿ! ಉಚ್ಚಾರಣೆ ಹಾಗೆಯೇ ಇದೆ. ಮನ್ ಅಂದರೆ ಗೊತ್ತುಗುರಿ ಇಲ್ಲದೆ ಹರಿದಾಡುವುದು, ಗ ಅಂದರೆ ಚಿತ್ರ. ಮನಸ್ಸು ಹೋದ ಕಡೆಗೆಲ್ಲ ಹೋಗುವ ಚಿತ್ರ ಅಂದುಕೊಳ್ಳಿ. ಇಲ್ಲಿನ ಹಳೆಯ ಚಿತ್ರಕಾರ ಹೊಕುಸಾಯಿ 1814ರಿಂದ ಇದೇ ಹೆಸರಿನಲ್ಲಿ ಚಿತ್ರದ ಪುಸ್ತಕಗಳನ್ನು ತಂದ. ಅವು ಕಥೆಯ ಪುಸ್ತಕಗಳಲ್ಲ, ಕಂಡದ್ದನ್ನೆಲ್ಲ ಬರೆದಿಟ್ಟ ರೇಖಾಚಿತ್ರಗಳು. ಹಾಗಾಗಿ ಒಳಗೆ "ಕತೆ" ಇರಲೇಬೇಕು ಅನ್ನೋ ತಿಟ್ಟಕತೆ ಆ ಲೆಕ್ಕದಲ್ಲೂ ನಿಲ್ಲುವುದಿಲ್ಲ.

ಎರಡನೆಯದು ಸಾಲದ ಮಾತು. ಆ ಹುಡುಗಿ ಮೇಷ್ಟ್ರ ಮನೆಯಲ್ಲಿ ದಿನವಿಡೀ ಪೆನ್ಸಿಲ್ ಹಿಡಿದು ಮಾಡೋದಕ್ಕೆ ಜಪಾನಿನವರು ಏನನ್ನುತ್ತಾರೆ ಗೊತ್ತಾ? ದೆಸ್ಸಾನ್. ಫ್ರೆಂಚ್ ಪದ. ಇಲ್ಲಿ ಕಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರಾಗುವ ಮಕ್ಕಳೆಲ್ಲ ದೆಸ್ಸಾನ್ ಅಂತಲೇ ಅನ್ನೋದು. ಕಾಂಜಿಯಲ್ಲಿ ಅದಕ್ಕೆ ಅಂದವಾದ ಪದ ಇದ್ದರೂ ತರಗತಿಯಲ್ಲಿ ನಡೆಯೋದು ಫ್ರೆಂಚ್. ಸಾಲದ ಪದಕ್ಕೆ ಅವರು ಬೇರೆ ಲಿಪಿಯನ್ನೇ ಇಟ್ಟುಕೊಂಡಿದ್ದಾರೆ, ಕತಕಾನಾ. ಸಾಲ ಅಂತ ಹಣೆ ಮೇಲೆ ಬರೆದುಕೊಂಡೇ ಓಡಾಡುತ್ತದೆ, ಯಾರೂ ನಾಚಿಕೊಳ್ಳುವುದಿಲ್ಲ.

ಉತ್ತರ (ಧಾರವಾಡ)

ಮಂಗ! ಅಡ್ಡಿ ಇಲ್ರಿ. "ಭಾನುವಾರ ಮಂಗನ ಬಗ್ಗೆ ಮಾತುಕತೆ, ಎಲ್ಲರೂ ಬರ್ರಿ." ಹನಮಪ್ಪನ ಗುಡಿ ಮಂದಿ ಮೊದಲು ಬರ್ತಾರ.

ಉತ್ತರ (ಮೈಸೂರು)

ದೀರ್ಘ ಇರಲಿ. ಅರ್ಥ ಕೆಡುವ ಕಡೆ ಉಚ್ಚಾರಣೆ ಬಿಟ್ಟುಕೊಡಬೇಕಾಗುತ್ತದೆ.

ಉತ್ತರ (ಅಚ್ಚಗನ್ನಡ ಬಳಗ)

ಮಾಂಗಾ ಎಂದರೆ ತಮಿಳರಿಗೂ ಮಲೆಯಾಳಿಗಳಿಗೂ ಮಾವಿನಕಾಯಿ. ಪೋರ್ಚುಗೀಸರು ಅದನ್ನೇ ಎತ್ತಿಕೊಂಡು ಹೋಗಿದ್ದಕ್ಕೆ ಇಂಗ್ಲಿಶಿನಲ್ಲಿ ಮ್ಯಾಂಗೋ ಆಯಿತು. ಅಲ್ಲಿಗೆ ಎಳೆದರೆ ಮಾವು, ಎಳೆಯದಿದ್ದರೆ ಕೋತಿ. ಅದಕ್ಕೇ ತಿಟ್ಟಕತೆ ಎಂದದ್ದು.

ಜಪಾನಿನವರು ಸಾಲ ಮಾಡಿದರೆ ನಾವೂ ಮಾಡಬೇಕೇ? ಅವರ ನುಡಿಗೆ ಅಲ್ಲಿ ಯಾವ ಕುತ್ತೂ ಇಲ್ಲ. ಶಾಲೆ, ಕೋರ್ಟು, ಬ್ಯಾಂಕು ಎಲ್ಲ ಅದರಲ್ಲೇ ನಡೆಯುತ್ತವೆ. ಉಂಡವನು ಸಾಲ ಮಾಡಿದರೆ ಶೋಕಿ, ಹಸಿದವನು ಮಾಡಿದರೆ ಮನೆ ಹರಾಜು.

ಉತ್ತರ (ಒಸಾಕಾ)

ಈ ಕೊನೆಯ ಮಾತು ಒಪ್ಪುತ್ತೇನೆ. ಆದರೆ ಮನೆ ಹರಾಜಾಗುತ್ತಿರೋದು "ಚಿತ್ರ" ಅನ್ನೋ ಪದದಿಂದ ಅಲ್ಲ ಅಲ್ವಾ? ತಂಬಾಕು ನಮಗೂ ಪೋರ್ಚುಗೀಸರಿಂದಲೇ ಬಂತು, ಇಲ್ಲಿನ ತಬಾಕೊ ಕೂಡ. ನಾನೂರು ವರ್ಷದಿಂದ ಎರಡೂ ಕಡೆ ಹೊಗೆ ಬಿಡುತ್ತಿದ್ದಾರೆ. ಪದದಿಂದ ಯಾರೂ ಸತ್ತಿಲ್ಲ.

ಉತ್ತರ (ಬೆಂಗಳೂರು, ಕೇಳಿದವಳು)

ಇವತ್ತು ಗುರುವಾರ. ನೆನಪಿಸಿದೆ ಅಷ್ಟೇ.

ಒಂದು ಅನುಮಾನ ಇನ್ನೂ ಉಳಿದಿದೆ. ಫ್ಲೆಕ್ಸಿನ ಇನ್ನೊಂದು ತುದಿಯಲ್ಲಿ ತ್ಸುಬಾಸಾ ಯಾಮಾಗುಚಿ ಅವರ ಬ್ಲೂ ಪೀರಿಯಡ್ ಅನ್ನೋ ಮಾಂಗಾ ಬಗ್ಗೆ ನಾಲ್ಕು ಸಾಲು ಇದೆ, 2017ರಲ್ಲಿ ಶುರುವಾದದ್ದು. ಓದಿನಲ್ಲಿ ಮುಂದಿರುವ, ರಾತ್ರಿಯೆಲ್ಲ ಗೆಳೆಯರ ಜೊತೆ ಟೋಕಿಯೋದ ಶಿಬುಯಾದಲ್ಲಿ ಸುತ್ತುವ ಹುಡುಗ. ಶಾಲೆಯಲ್ಲಿ ನಿನಗೆ ಇಷ್ಟವಾದ ನೋಟ ಬರೆದು ತಾ ಅನ್ನುತ್ತಾರೆ. ಅವನಿಗೆ ಬೆಳಗಿನ ಜಾವದ ಶಿಬುಯಾ ನೀಲಿಯಾಗಿ ಕಂಡಿರುತ್ತದೆ. ಕಂಡ ಹಾಗೆ ನೀಲಿಯಲ್ಲೇ ಮಾಡಿಕೊಂಡು ಹೋಗುತ್ತಾನೆ. ಗೆಳೆಯರು ನೋಡಿ, ಇದು ಬೆಳಗಿನ ಶಿಬುಯಾ ಅಲ್ವಾ ಅಂತ ಗುರುತು ಹಿಡಿಯುತ್ತಾರೆ. ಅಷ್ಟಕ್ಕೇ ಅವನಿಗೆ ಅಳು ಬಂದುಬಿಡುತ್ತದೆ. ಇಲ್ಲಿ ಗೆರೆ ಮುಖ್ಯ ಅಲ್ಲ, ಬಣ್ಣ. ಬಣ್ಣದ ಚಿತ್ರಕ್ಕೂ ಬರೆ ಅನ್ನಬಹುದಾ? ಎರಡೂ ಕಡೆ ಒಂದೇ ಪದ ಇದ್ದರೆ ನನಗೆ ಕೆಲಸ ಕಮ್ಮಿ.

ಉತ್ತರ (ಮೈಸೂರು)

ರವಿವರ್ಮ ಬರೆದ ಚಿತ್ರ ಅಂತೀವಿ. ರವಿವರ್ಮ ಬಳಿದ ಚಿತ್ರ ಅನ್ನುವುದಿಲ್ಲ. ಬಳಿಯೋದು ಸುಣ್ಣ. ಇನ್ನೇನಾದರೂ ಇದೆಯೆ?

ಉತ್ತರ (ಸಾಗರ)

ಮೇಷ್ಟ್ರು ಇಷ್ಟು ಸಿಡುಕಿದರೂ ಹೇಳಿದ್ದು ಸರಿ. ಬರೆ ಅಂದರೆ ಬರೆ ಎಳೆಯೋದು, ಗೀರು ಬೀಳೋದು ಅನ್ನೋ ಅರ್ಥವೂ ಇನ್ನೂ ಜೀವಂತ ಇದೆ. ಕಾದ ಕಬ್ಬಿಣದಿಂದ ಹಾಕೋ ಬರೆಯೂ ಅದೇ ಅಲ್ವಾ? ಬಿದಿರು ಹಿಡಿದ ಮೇಷ್ಟ್ರ ಬಾಯಿಗೆ ಇದಕ್ಕಿಂತ ಹೊಂದುವ ಪದ ಬೇಕಾ?

ಉತ್ತರ (ಕುಂದಾಪುರ)

ಮಾತಾಡುವಾಗ "ಬರಿ" ಅಂತೇವೆ, ಬರೆ ಅಲ್ಲ. ಗುಳ್ಳೆಯೊಳಗೆ ಇರುವುದು ಮಾತು, ಹಾಗಾಗಿ "ಬರಿ!" ಹಾಕಿ. ಹುಡುಗಿಗೆ ಹೇಳುವುದು ಅಂತ "ಬರಿಯೇ" ಅಂದ್ರೆ ಸಲಿಗೆ ಜಾಸ್ತಿ ಆಯ್ತು. ಆ ಮೇಷ್ಟ್ರು ಗಂಡು ಹೆಣ್ಣು ಅಂತ ನೋಡಿ ಬೈಯುವ ಹಾಗೆ ಕಾಣುದಿಲ್ಲ.

ಉತ್ತರ (ಮೈಸೂರು)

"ಬರಿ" ಅಂದರೆ ಬರಿದು, ಖಾಲಿ. ಬರಿಗೈ, ಬರಿಗಾಲು. ಗೋಡೆಯ ಮೇಲೆ ಹಾಕುವ ಬರಹ ಗ್ರಂಥರೂಪದಲ್ಲೇ ಇರಬೇಕು.

ಉತ್ತರ (ಧಾರವಾಡ)

ಬೈಗುಳಕ್ಕ ಗ್ರಂಥರೂಪ! ಮೇಷ್ಟ್ರೇ, ನಿಮ್ಮ ಕೈಯಾಗ ಬಿದಿರು ಇತ್ತೇನು?

ಉತ್ತರ (ಅಚ್ಚಗನ್ನಡ ಬಳಗ)

ಅಂದ ಹಾಗೆ "ಮೇಶ್ಟ್ರು" ಎಲ್ಲಿಯದು? ಯಾರೂ ಕೇಳಲಿಲ್ಲ.

ಉತ್ತರ (ಒಸಾಕಾ)

ದಯವಿಟ್ಟು ಅದನ್ನು ಬೇರೆ ಎಳೆಯಲ್ಲಿ ಶುರು ಮಾಡಿ. ಅಲ್ಲಿ ಪೋರ್ಚುಗೀಸರನ್ನೂ ಕರೆಯೋಣ.

ಕೇಳಿದವರಿಗೆ ಒಂದು ಮಾತು. ಆ ಪುಸ್ತಕದ ಜಪಾನಿ ಹೆಸರು "ಕಕುಕಕು ಶಿಕಾಜಿಕಾ". ನಡೆದದ್ದು ಹೀಗ್ಹೀಗೆ ಅಂತ ಚುಟುಕಾಗಿ ಹೇಳಿ ಮುಗಿಸುವಾಗ ಬಳಸೋ ನುಡಿಗಟ್ಟು. ಆದರೆ ಕಿವಿಗೆ ಮೊದಲು ಬೀಳೋದು ಕಕು ಕಕು, ಅಂದರೆ ಬರೆಯೋದು ಬರೆಯೋದು. ಕನ್ನಡದಲ್ಲಿ ಈ ಎರಡನ್ನೂ ಒಟ್ಟಿಗೆ ಹಿಡಿಯೋಕೆ ಆಗಲಿಲ್ಲ, ನಾನು ರಾತ್ರಿಯೆಲ್ಲ ಯೋಚಿಸಿದೆ. ಹೆಸರನ್ನು ಹಾಗೇ ಬಿಡಿ. ಆದರೆ ಒಳಗಿನ ಮಾತಿಗೆ ನಮ್ಮ ಪದ ಅವರ ಪದದ ಹಾಗೇ ಎರಡೂ ಕೆಲಸ ಮಾಡುತ್ತದೆ. ಇಂಗ್ಲಿಷಿಗೆ ಆ ಭಾಗ್ಯ ಇಲ್ಲ, ಅವರು ಒಂದನ್ನು ಆರಿಸಲೇಬೇಕು. ಬಂದ ಭಾಗ್ಯವನ್ನು ಬಿಡಬೇಡಿ. ಆಕೆ ಮುಂದೆ ಮಾಂಗಾ ಕಲಾವಿದೆ ಆದದ್ದನ್ನು ನೆನೆಸಿಕೊಳ್ಳಿ. ಅವಳ ಕೆಲಸವೇ ಗೆರೆಯೂ ಹೌದು, ಮಾತೂ ಹೌದು. ಎರಡನ್ನೂ ಬರೆಯಬೇಕು.

ಉತ್ತರ (ಬೆಂಗಳೂರು, ಕೇಳಿದವಳು)

ಆಯಿತು, "ಬರೆ!" ಅಂತಲೇ ಹಾಕಿದೆ. ಕುಂದಾಪುರದವರು ಬೇಜಾರು ಮಾಡಿಕೊಳ್ಳಬೇಡಿ, ಬರಿ ಅಂತ ಹಾಕಿ ನೋಡಿದೆ. ಮೇಷ್ಟ್ರು ಹೇಳಿದ ಹಾಗೆ ಖಾಲಿ ಗುಳ್ಳೆ ಅಂತ ಓದಿಕೊಂಡಿತು. ಕತೆಗೆ ಥ ಹಾಕಿದ್ದೇನೆ, ಮಾಂಗಾಕ್ಕೆ ದೀರ್ಘ ಹಾಕಿದ್ದೇನೆ, ಬೈಯುವವರು ಸೋಮವಾರದ ಮೇಲೆ ಬೈಯಿರಿ. ಸಾಗರದವರ ಅಜ್ಜಿಯ ಮಾತನ್ನು ಭಾನುವಾರ ಹೇಳಬಹುದಾ? ಹೆಸರು ಹೇಳುವುದಿಲ್ಲ.

ಈಗ ತಾನೇ ಫ್ಲೆಕ್ಸ್ ಅಂಗಡಿಯ ಹುಡುಗ ಫೋನ್ ಮಾಡಿದ್ದ. "ಅಕ್ಕ, ಗುಳ್ಳೆ ಒಳಗೆ 'ಬರೆ' ಅಂತ ಮಾತ್ರ ಇದೆ. ಏನು ಬರೀಬೇಕು ಅಂತ ಕಳಿಸೇ ಇಲ್ಲವಲ್ಲ?"