ಹಳೇ ಪೋರ್ಟಬಲ್ ಟಿವಿ ವೈರ್ ಇಲಿ ಕಡಿದಿದೆ, ಬೇರೆ ಎಲ್ಲಿ ಸಿಗುತ್ತೆ?

ಮಾವಿನತೋಪು:
ಎಲ್ಲರಿಗೂ ನಮಸ್ಕಾರ. ನಮ್ಮದು ಶ್ರೀನಿವಾಸಪುರದ ಹತ್ತಿರ ಹಳ್ಳಿ. ಅಟ್ಟ ಗುಡಿಸುವಾಗ ದೊಡ್ಡಪ್ಪ ಸೌದಿಯಿಂದ ತಂದಿದ್ದ ಐದು ಇಂಚಿನ ಕಪ್ಪು ಬಿಳುಪು ಟಿವಿ ಸಿಕ್ಕಿತು. ನಮ್ಮ ಮನೆಯಲ್ಲಿ ಅದನ್ನು ಯಾವತ್ತೂ ಗೋಡೆ ಪ್ಲಗ್ಗಿಗೆ ಹಾಕಿದ್ದು ನೆನಪಿಲ್ಲ, ಅಪ್ಪ ಟ್ರ್ಯಾಕ್ಟರ್ ಬ್ಯಾಟರಿಗೆ ಕೊಟ್ಟು 1987ರ ವಿಶ್ವಕಪ್ ಪಂದ್ಯಗಳನ್ನು ಪಂಪ್‌ಹೌಸ್‌ನಲ್ಲೇ ಕೂತು ನೋಡುತ್ತಿದ್ದರು. ಆ ಬ್ಯಾಟರಿ ವೈರ್ ಈಗ ಇಲ್ಲ. ಕರೆಂಟ್ ವೈರ್ ಇದೆ, ಆದರೆ ಇಲಿ ಮಧ್ಯಕ್ಕೇ ಕಡಿದು ಎರಡು ತುಂಡು ಮಾಡಿದೆ. ಒಂದು ಕಡೆ ಎರಡು ಚಪ್ಪಟೆ ಪಿನ್, ಇನ್ನೊಂದು ಕಡೆ ಟಿವಿಗೆ ಹೋಗೋ ಎಂಟರ ಆಕಾರದ ತುದಿ. ಟೇಪ್ ರೆಕಾರ್ಡರ್ ವೈರ್ ಚುಚ್ಚಿ ನೋಡಿದೆ, ಒಳಗೆ ಹೋಗುತ್ತೆ ಆದರೆ ಗಡಗಡ ಅಲ್ಲಾಡುತ್ತೆ. ಸ್ವಿಚ್ ಇನ್ನೂ ಹಾಕಿಲ್ಲ. ಕೋಲಾರದಲ್ಲಿ ಎಲ್ಲಾದರೂ ಸರಿಯಾದ್ದು ಸಿಗುತ್ತಾ?

ಡೂಂಲೈಟ್:
ಅಣ್ಣ, ಕೋಲಾರದಲ್ಲಿ ಸುಮ್ನೆ ಅಲೆಯಬೇಡಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಹಳೇ ತುಂಡು ಕೈಯಲ್ಲೇ ಇರಲಿ. ಬಾಯಲ್ಲಿ ಹೇಳಿದರೆ ಲ್ಯಾಪ್‌ಟಾಪ್ ವೈರ್ ಕೊಟ್ಟು ಕಳಿಸುತ್ತಾರೆ, ನನಗೆ ಎರಡು ಸಲ ಹಾಗೇ ಆಗಿದೆ.

ಸೋಲ್ಡರ್ ಹೊಗೆ:
ಒಂದು ನಿಮಿಷ. ಚಪ್ಪಟೆ ಪಿನ್ ಅಂದ್ರಾ? ಸ್ವಿಚ್ ಹಾಕದೇ ಇದ್ದದ್ದು ಒಳ್ಳೇದಾಯ್ತು. ಸೌದಿಯಲ್ಲಿ ಆಗ ಬಹಳ ಮನೆಗಳಲ್ಲಿ 127 ವೋಲ್ಟ್ ಇತ್ತು, ನಮ್ಮಲ್ಲಿ 230. ಟಿವಿ ಹಿಂದೆ ನಾಣ್ಯ ಹಾಕಿ ತಿರುಗಿಸೋ ಥರದ ಒಂದು ಗುಂಡಿ ಇದೆಯಾ ನೋಡಿ, ಪಕ್ಕದಲ್ಲಿ ಸಣ್ಣಕ್ಷರದ ಲೇಬಲ್ ಇರುತ್ತೆ, ಅದನ್ನು ಇಲ್ಲಿ ಹಾಗೇ ಬರೆಯಿರಿ. 127ರಲ್ಲಿರೋ ಸೆಟ್ಟಿಗೆ 230 ಕೊಟ್ಟರೆ ಫ್ಯೂಸ್ ಮಾತ್ರ ಹೋದರೆ ಪುಣ್ಯ, ಇಲ್ಲಾಂದ್ರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲು.

ಇನ್ನೊಂದು, ಆ ಇಲಿ ಕಡಿದ ವೈರ್ ಬಿಸಾಡಬೇಡಿ! ನಿಮಗೆ ಬೇಕಾದ ತುದಿ ನಿಮ್ಮ ಕೈಯಲ್ಲೇ ಇದೆ. ಎಂಟರ ಆಕಾರ ಅಂದ ಮಾತ್ರಕ್ಕೆ ಎಲ್ಲಾ ಒಂದೇ ಅಳತೆ ಅಲ್ಲ, ಹಳೇ ಸೆಟ್ಟುಗಳಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತೆ. ಅಲ್ಲಾಡೋ ವೈರ್ ಒಳಗೇ ಕಿಡಿ ಹಾರಿ ಪ್ಲಾಸ್ಟಿಕ್ ಕರಗಿಸುತ್ತೆ.

ಮಾವಿನತೋಪು:
ಗುಂಡಿ ಇದೆ ಸಾರ್! ಧೂಳು ಒರೆಸಿದ ಮೇಲೆ ಕಾಣಿಸ್ತು. ಬಾಣದ ಗುರುತು 127ರ ಮೇಲೇ ಇದೆ. ಲೇಬಲ್‌ನಲ್ಲಿ "ಎಸಿ 110/127/220, 50/60 ಹರ್ಟ್ಜ್, ಡಿಸಿ 12 ವೋಲ್ಟ್, 18 ವಾಟ್" ಅಂತಿದೆ. ಟಿವಿ ತುದಿಯ ತುಂಡಿನಲ್ಲಿ ಒಂದು ಗೇಣು ವೈರ್ ಉಳಿದಿದೆ.

ಸೋಲ್ಡರ್ ಹೊಗೆ:
ಒಂದು ಗೇಣು ಬೇಕಾದಷ್ಟಾಯ್ತು. ಗುಂಡಿ 220ಕ್ಕೆ ತಿರುಗಿಸಿ. ಎರಡು ಎಳೆಯ ಹೊಸ ವೈರ್ ತಗೊಂಡು ಬೆಸುಗೆ ಹಾಕಿ, ಬರೀ ತಿರುಚಿ ಟೇಪ್ ಸುತ್ತೋದು ಬೇಡ. ಎರಡು ಎಳೆಗಳ ಜೋಡಣೆ ಅಕ್ಕಪಕ್ಕ ಬರಬಾರದು, ಒಂದನ್ನು ಎರಡು ಇಂಚು ಮುಂದೆ ಕತ್ತರಿಸಿ. ಆಮೇಲೆ ಸ್ಲೀವ್, ಅಂದ್ರೆ ಜೋಡಣೆ ಮುಚ್ಚೋ ಪ್ಲಾಸ್ಟಿಕ್ ಕೊಳವೆ, ಎರಡು ಸುತ್ತು, ಒಳಗೊಂದು ಹೊರಗೊಂದು. ಬೆಸುಗೆಗೆ ಮೊದಲೇ ಸ್ಲೀವ್ ತೂರಿಸಿಡಿ, ನಾನು ಇವತ್ತಿಗೂ ಅದನ್ನೇ ಮರೆಯೋದು. ಗೋಡೆ ಕಡೆಗೆ ನಮ್ಮ ಎರಡು ಪಿನ್ ಪ್ಲಗ್.

ನೇರ ಕರೆಂಟ್ ಕೊಡಬೇಡಿ. ಮೆಕ್ಯಾನಿಕ್ ಹತ್ತಿರ ಸೀರೀಸ್ ಬಲ್ಬ್ ಬೋರ್ಡ್ ಇರುತ್ತೆ, ಅದರಲ್ಲಿ ಕರೆಂಟ್ ಬಲ್ಬ್ ಮೂಲಕವೇ ಟಿವಿಗೆ ಹೋಗುತ್ತೆ, 60 ವಾಟ್ ಹಳೇ ತಂತಿ ಬಲ್ಬ್. ಎಲ್‌ಇಡಿ ನಡೆಯಲ್ಲ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್, ತಕ್ಷಣ ಆರಿಸಿ. ಮುಚ್ಚಳ ಮಾತ್ರ ನೀವು ತೆಗೆಯಬೇಡಿ, ಪಿಕ್ಚರ್ ಟ್ಯೂಬಿನ ಹಿಂದಿರೋ ವೋಲ್ಟೇಜ್ ಸಾವಿರಗಳಲ್ಲಿರುತ್ತೆ, ಆರಿಸಿದ ಮೇಲೂ ಬಹಳ ಹೊತ್ತು ಇರುತ್ತೆ.

ಪಂಪ್‌ಸೆಟ್:
ನಾನಾದರೆ ಬ್ಯಾಟರಿ ದಾರಿನೇ ಹಿಡಿಯುತ್ತಿದ್ದೆ. 18 ವಾಟ್ ಅಂದ್ರೆ 12 ವೋಲ್ಟಲ್ಲಿ ಒಂದೂವರೆ ಆಂಪ್, ಎರಡು ಆಂಪ್ ಅಡಾಪ್ಟರ್ ಸಾಕು. ಆದರೆ ಡಿಸಿ ತೂತಿನ ಪಕ್ಕದ ಚಿತ್ರ ನೋಡಿ, ಹಳೇ ಜಪಾನ್ ಸೆಟ್ಟುಗಳಲ್ಲಿ ಬಹಳಷ್ಟಕ್ಕೆ ಮಧ್ಯದ ಪಿನ್ ಮೈನಸ್. ಈಗಿನ ಅಡಾಪ್ಟರ್ ಹೆಚ್ಚಿನವು ಉಲ್ಟಾ. ಮೀಟರ್ ಇಟ್ಟು ನೋಡದೆ ಚುಚ್ಚಬೇಡಿ.

ಅಂದಹಾಗೆ ಆನ್ ಆದ ಮೇಲೆ ಏನು ನೋಡ್ತೀರಿ? ನಮ್ಮ ಕಡೆ ದೂರದರ್ಶನದ ಹಳೇ ಟವರ್ ಪ್ರಸಾರ ನಿಂತು ವರ್ಷಗಳಾಯ್ತು. ಸೆಟ್‌ಟಾಪ್ ಬಾಕ್ಸ್ ಜೊತೆ ಆರ್‌ಎಫ್ ಮಾಡ್ಯುಲೇಟರ್ ಬೇಕಾಗುತ್ತೆ, ಅದು ಬಾಕ್ಸಿನ ಚಿತ್ರವನ್ನು ಹಳೇ ಟಿವಿ ಹಿಡಿಯೋ ಆಂಟೆನಾ ಸಿಗ್ನಲ್ ಮಾಡುತ್ತೆ.

ಮಾವಿನತೋಪು:
ಭಾನುವಾರ ಊರಿನ ರೇಡಿಯೋ ರಿಪೇರಿಯವರ ಹತ್ತಿರ ಬೆಸುಗೆ ಹಾಕಿಸಿ, ಅವರ ಬಲ್ಬ್ ಬೋರ್ಡಿಗೇ ಕೊಟ್ಟೆವು. ಬಲ್ಬ್ ಒಮ್ಮೆ ಫಳ್ ಅಂತು, ಆಮೇಲೆ ಕೆಂಪಗಾಗಿ ನಿಂತಿತು. ಅರ್ಧ ನಿಮಿಷಕ್ಕೆ ಪರದೆ ಮೇಲೆ ಚುಕ್ಕೆ ಚುಕ್ಕೆ ಬಂತು, ಸೊರ್ ಅಂತ ಸದ್ದು ಕೂಡ. ಅಪ್ಪ ಪಕ್ಕದಲ್ಲೇ ಇದ್ದರು, "ಆಂಟೆನಾ ತಿರುಗಿಸೋ" ಅಂದರು.

ಮಾಡ್ಯುಲೇಟರ್ ಯಾವುದು ತಗೊಳ್ಳಲಿ ಹೇಳಿ.